ಯಾರದೋ ಮೊಟ್ಟೆ, ಯಾರದೋ ಕಾವು

ಮೊದಲೇ ಹೇಳಿಬಿಡ್ತೀನಿ, ನಾನು ಪಕ್ಷಿತಜ್ಞ ಅಲ್ಲ. ಓದಿದ್ದು ಬಿ.ಇ., ಮಾಡೋದು ಕೋಡಿಂಗ್. ಬೆಂಗಳೂರಿಗೆ ಬರೋ ತನಕ ಹಕ್ಕಿಗಳ ಜೊತೆ ನನಗಿದ್ದ ಸಂಬಂಧ ಒಂದೇ, ಅವನ್ನು ಓಡಿಸೋದು. ಹಾನಗಲ್ ತಾಲೂಕಿನ ನಮ್ಮೂರು ಅತ್ತ ಪೂರ್ತಿ ಮಲೆನಾಡೂ ಅಲ್ಲ, ಇತ್ತ ಬಯಲುಸೀಮೆಯೂ ಅಲ್ಲ. ಗದ್ದೆಯಲ್ಲಿ ಭತ್ತ, ಹೊಲದಲ್ಲಿ ಜೋಳ. ಜೋಳ ಹಾಲುಗಾಳು ಹಿಡೀತು ಅಂದರೆ ಶಾಲೆ ಬಿಟ್ಟ ಕೂಡಲೇ ನಾನು ಹೊಲದ ಅಟ್ಟದ ಮೇಲೆ. ಕೈಯಲ್ಲಿ ಕವಣೆ, ಪಕ್ಕದಲ್ಲಿ ಬಡಿಯೋಕೆ ಒಂದು ಹಳೇ ಡಬ್ಬಿ. ಹೆಬ್ಬೆರಳಿಗಿಂತ ಚೂರು ದೊಡ್ಡದಿರೋ ಕಂದು ಹಕ್ಕಿಗಳು ಹಿಂಡುಹಿಂಡಾಗಿ ಇಳಿಯೋವು. “ತಮ್ಮಾ, ನೀ ಕಣ್ಣು ಮುಚ್ಚಿದ್ರ ತೆನಿ ಖಾಲಿ ನೋಡ” ಅಂತ ಅಜ್ಜ ಬದುವಿನ ಮೇಲಿಂದ ಕೂಗೋರು. ಅವುಗಳಲ್ಲಿ ಬಾಲದ ಬುಡದಲ್ಲಿ ಬಿಳಿ ಪಟ್ಟೆ ಇದ್ದದ್ದು ಒಂದು ಜಾತಿ, ಎದೆ ಮೇಲೆ ಚುಕ್ಕೆ ಇದ್ದದ್ದು ಇನ್ನೊಂದು. ನಮಗೆ ಎರಡೂ ಒಂದೇ, ಕಾಳು ತಿನ್ನೋ ಕಳ್ಳಹಕ್ಕಿ. ಪುಸ್ತಕಗಳಲ್ಲಿ ಅವಕ್ಕೆ ರಾಟವಾಳ ಅಂತಾರೆ, ಮುನಿಯ ಅಂತಲೂ ಅಂತಾರೆ ಅಂತ ನನಗೆ ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ.

ಅದು ಗೊತ್ತಾಗಿದ್ದಕ್ಕೆ ಕಾರಣ ಮಾತ್ರ ನಮ್ಮೂರ ಹಕ್ಕಿ ಅಲ್ಲ, ಆಸ್ಟ್ರೇಲಿಯಾದ್ದು.

ಮಗಳಿಗೆ ನಾಲ್ಕು ವರ್ಷ ಆದಾಗ ಯಾವುದೋ ಕ್ಯಾಲೆಂಡರಿನಲ್ಲಿ ಒಂದು ಹಕ್ಕಿ ನೋಡಿ “ಇದನ್ನ ಯಾರು ಕಲರ್ ಮಾಡಿದ್ದು?” ಅಂತ ಕೇಳಿದಳು. ಪ್ರಶ್ನೆ ಸರಿಯಾಗೇ ಇತ್ತು. ನೇರಳೆ ಎದೆ, ಹಳದಿ ಹೊಟ್ಟೆ, ಹಸಿರು ಬೆನ್ನು, ಕುಂಕುಮದಂಥ ಕೆಂಪು ಮುಖ, ಮುಖದ ಸುತ್ತ ಒಂದು ಕಪ್ಪು ಗೆರೆ, ಅದರ ಹಿಂದೆ ತಿಳಿನೀಲಿ ಗೆರೆ. ಡ್ರಾಯಿಂಗ್ ಕ್ಲಾಸಿನ ಮಗು ಬಾಕ್ಸಿನಲ್ಲಿದ್ದ ಎಲ್ಲ ಬಣ್ಣವನ್ನೂ ಒಂದೇ ಚಿತ್ರಕ್ಕೆ ಸುರಿದ ಹಾಗೆ. ಹೆಸರು ಗೂಲ್ಡಿಯನ್ ಫಿಂಚ್.

ಅಲ್ಲಿಂದ ಶುರುವಾಯ್ತು ನಮ್ಮ ಭಾನುವಾರದ ಹುಡುಕಾಟ. ಲವ್ ಬರ್ಡ್ಸ್ ಎಲ್ಲಾ ಕಡೆ ಇತ್ತು, ಝೀಬ್ರಾ ಫಿಂಚ್ ಬೇಕಾದಷ್ಟಿತ್ತು. ಇದನ್ನು ಕೇಳಿದರೆ ಮಾತ್ರ ಅಂಗಡಿಯವರು “ಸಾರ್, ಅದು ಗೋಲ್ಡನ್ ಫಿಂಚು, ಬರೋದೇ ಕಷ್ಟ” ಅನ್ನೋರು. ಹೆಸರು ಗೋಲ್ಡನ್ ಅಲ್ಲ ಅಂತ ಹೇಳೋಕೆ ಹೋದರೆ, ರೇಟು ಕೇಳಿದ ಮೇಲೆ ನೀವೂ ಗೋಲ್ಡನ್ ಅಂತಲೇ ಅಂತೀರ ಅಂದ ಒಬ್ಬ. ಮೂರು ತಿಂಗಳಾದ ಮೇಲೆ ಒಬ್ಬರು ಫೋನ್ ಮಾಡಿ ಒಂದು ಜೋಡಿ ಕೊಟ್ಟರು. ಗಂಡಿನ ತಲೆ ಕೆಂಪು, ಹೆಣ್ಣಿನದು ಕಪ್ಪು. “ಕಲರ್ ಕಾಂಬಿನೇಷನ್ ಸಕತ್ತಾಗಿರುತ್ತೆ ಸಾರ್.” ನಾನೂ ಒಪ್ಪಿದೆ. ಆ ಮಾತಿಗೆ ಆಮೇಲೆ ಬರ್ತೀನಿ.

ಬಾಲ್ಕನಿಗೆ ಬಲೆ ಕಟ್ಟಿಸಿ, ಪಂಜರದಲ್ಲಿ ಗೂಡುಪೆಟ್ಟಿಗೆ ಇಟ್ಟು, ನವಣೆ ಸಾಮೆ ಎಲ್ಲ ಹಾಕಿ ಕಾದೆವು. ಐದು ಮೊಟ್ಟೆ ಇಟ್ಟಿತು. ನಾಲ್ಕು ದಿನ ಕೂತಿತು. ಐದನೇ ದಿನ ಎದ್ದು ಹೋಗಿದ್ದು ವಾಪಸ್ ಬರಲೇ ಇಲ್ಲ. ಮೊಟ್ಟೆ ತಣ್ಣಗಾಯ್ತು. ಅಂಗಡಿಯವರಿಗೆ ಫೋನ್ ಮಾಡಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. “ಇವು ಮರಿ ಸಾಕೋ ಪೈಕಿ ಅಲ್ಲ ಸಾರ್. ಒಂದು ಜೋಡಿ ಬೆಂಗಾಲಿ ಫಿಂಚ್ ಇಟ್ಕೊಳಿ. ಮೊಟ್ಟೆ ಎತ್ತಿ ಅದರ ಕೆಳಗಿಡಿ. ಅದು ಯಾರ ಮೊಟ್ಟೆ ಕೊಟ್ರೂ ಕಾವು ಕೊಡುತ್ತೆ.”

ಫೋನ್ ಇಟ್ಟ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ. ತನ್ನ ಮರಿ ತಾನೇ ಸಾಕದ ಹಕ್ಕಿ ಭೂಮಿ ಮೇಲೆ ಇಷ್ಟು ಸಾವಿರ ವರ್ಷ ಹೇಗೆ ಉಳೀತು? ಕೋಗಿಲೆ ಇದೆ ನಿಜ, ಆದರೆ ಅದಕ್ಕೆ ಅದೇ ಕಸುಬು. ಇದು ಹಾಗಲ್ಲ. ಕಾಡಿನಲ್ಲಿ ಗಂಡು ಹೆಣ್ಣು ಎರಡೂ ಸರದಿ ಮೇಲೆ ಕಾವು ಕೊಡೋ, ಎರಡೂ ಸೇರಿ ಗುಟುಕು ಕೊಡೋ ಹಕ್ಕಿ ಇದು. ಹಾಗಾದರೆ ನಡುವೆ ಏನಾಯ್ತು?

ಅದನ್ನು ಹುಡುಕುತ್ತಾ ಹೋದಾಗ ಮೊದಲು ಸಿಕ್ಕಿದ್ದು ಒಬ್ಬ ತಾಯಿ.

*

ಎಲಿಜಬೆತ್ ಕಾಕ್ಸೆನ್ ಹುಟ್ಟಿದ್ದು 1804ರಲ್ಲಿ, ಇಂಗ್ಲೆಂಡಿನಲ್ಲಿ. 1829ರಲ್ಲಿ ಜಾನ್ ಗೂಲ್ಡ್ ಅನ್ನೋನನ್ನು ಮದುವೆಯಾದಳು. ಈತ ತೋಟದ ಮಾಲಿಯ ಮಗ, ಸತ್ತ ಹಕ್ಕಿಗಳಿಗೆ ಹುಲ್ಲು ತುಂಬಿ ನಿಲ್ಲಿಸೋದರಲ್ಲಿ ನಿಪುಣ, ಲಂಡನ್ನಿನ ಝುವಾಲಜಿಕಲ್ ಸೊಸೈಟಿಯ ಮ್ಯೂಸಿಯಂನಲ್ಲಿ ಕೆಲಸ. ವ್ಯಾಪಾರ ಬುದ್ಧಿ ಚೆನ್ನಾಗಿತ್ತು, ಹಕ್ಕಿಗಳ ಕಣ್ಣೂ ಚೆನ್ನಾಗಿತ್ತು. ಡಾರ್ವಿನ್ ಗಲಪಗಾಸ್ ದ್ವೀಪಗಳಿಂದ ತಂದ ಹಕ್ಕಿಗಳನ್ನು 1837ರ ಜನವರಿಯಲ್ಲಿ ನೋಡಿ, ಇವೆಲ್ಲ ಬೇರೆ ಬೇರೆ ಥರದ ಹಕ್ಕಿಗಳಲ್ಲ, ಒಂದೇ ಬಳಗದ ಫಿಂಚುಗಳು ಅಂತ ಗುರುತಿಸಿದವನು ಇವನೇ. ಆದರೆ ಚಿತ್ರ ಬರೆಯೋ ಕೈ ಹೆಂಡತಿಯದು. ಗೂಲ್ಡ್ ತಂದ ಮೊದಲ ದೊಡ್ಡ ಪುಸ್ತಕ ಹಿಮಾಲಯದ ಹಕ್ಕಿಗಳ ಬಗ್ಗೆ. ಅದರ ಚಿತ್ರಗಳನ್ನು ಕಲ್ಲಚ್ಚಿಗೆ ಇಳಿಸಿದವಳು ಎಲಿಜಬೆತ್. ಹಿಮಾಲಯ ನೋಡದೆ, ಒಣಗಿದ ಚರ್ಮಗಳನ್ನು ಮುಂದಿಟ್ಟುಕೊಂಡು, ಬಸುರಿ ಬಾಣಂತನಗಳ ನಡುವೆ. ತನ್ನ ಬದುಕಿನಲ್ಲಿ ಆಕೆ ಮಾಡಿದ ಚಿತ್ರಗಳು 600ಕ್ಕೂ ಹೆಚ್ಚು.

1838ರಲ್ಲಿ ಗಂಡ ಆಸ್ಟ್ರೇಲಿಯಾದ ಹಕ್ಕಿಗಳ ಪುಸ್ತಕ ಮಾಡೋಣ ಅಂತ ಹೊರಟ. ಆಕೆಯೂ ಹೊರಟಳು. ದೊಡ್ಡ ಮಗನನ್ನು ಕರಕೊಂಡು, ಮೂವರು ಚಿಕ್ಕ ಮಕ್ಕಳನ್ನು ತನ್ನ ತಾಯಿಯ ಹತ್ತಿರ ಬಿಟ್ಟು. ಹಡಗಿನಲ್ಲಿ ಹೋಗೋಕೇ ತಿಂಗಳುಗಟ್ಟಲೆ ಬೇಕಾದ ಕಾಲ ಅದು. ಅಲ್ಲೇ ಟ್ಯಾಸ್ಮೇನಿಯಾದಲ್ಲಿ ಇನ್ನೊಂದು ಗಂಡುಮಗು ಆಯ್ತು. 1840ರಲ್ಲಿ ವಾಪಸ್ ಬಂದರು. 1841ರ ಆಗಸ್ಟಿನಲ್ಲಿ, ಎಂಟನೇ ಹೆರಿಗೆಯಾದ ಕೆಲವೇ ದಿನಕ್ಕೆ, ಬಾಣಂತಿ ಜ್ವರ ಬಂದು ಎಲಿಜಬೆತ್ ತೀರಿಕೊಂಡಳು. ವಯಸ್ಸು 37. ಆಸ್ಟ್ರೇಲಿಯಾ ಪುಸ್ತಕಕ್ಕೆ ಅಷ್ಟರೊಳಗೆ 80ಕ್ಕೂ ಹೆಚ್ಚು ಚಿತ್ರ ಮುಗಿಸಿದ್ದಳು.

ಮೂರು ವರ್ಷದ ನಂತರ, 1844ರಲ್ಲಿ, ಆಸ್ಟ್ರೇಲಿಯಾದ ಉತ್ತರ ತುದಿಯಿಂದ ಬಂದ ಒಂದು ಬಣ್ಣಬಣ್ಣದ ಹಕ್ಕಿಗೆ ಗೂಲ್ಡ್ ಹೆಂಡತಿಯ ಹೆಸರಿಟ್ಟ. ಅದೇ ಕಾಲದಲ್ಲಿ ಫ್ರೆಂಚ್ ಯಾನವೊಂದರ ಜೊತೆ ಹೋಗಿದ್ದ ವಿಜ್ಞಾನಿಗಳೂ ಇದನ್ನು ಕಂಡು ‘ಅದ್ಭುತ’ ಅನ್ನೋ ಅರ್ಥದ ಲ್ಯಾಟಿನ್ ಹೆಸರಿಟ್ಟಿದ್ದರು. ಜನರ ಬಾಯಲ್ಲಿ ಉಳಿದದ್ದು ಎಲಿಜಬೆತ್ ಹೆಸರು. ನಮ್ಮಲ್ಲಿ ಕೆಲವರು ‘ಲೇಡಿ ಗೂಲ್ಡಿಯನ್’ ಅಂತಾರೆ, ಆಕೆ ಯಾವ ಲೇಡಿಯೂ ಆಗಿರಲಿಲ್ಲ, ಗಂಡನಿಗೆ ಸರ್ ಪದವಿ ಸಿಕ್ಕಿರಲಿಲ್ಲ. ಗಂಡಹೆಂಡತಿ ಸುತ್ತಾಡಿದ್ದು ಆ ಖಂಡದ ದಕ್ಷಿಣ ಮತ್ತು ಪೂರ್ವದಲ್ಲಿ. ಹಾಗಾಗಿ ತನ್ನ ಹೆಸರಿನ ಹಕ್ಕಿಯನ್ನು ಆಕೆ ಕಾಡಿನಲ್ಲಿ ಯಾವತ್ತೂ ನೋಡಲಿಲ್ಲ. ಪುಸ್ತಕದ ಮುಂದಿನ ಚಿತ್ರಗಳನ್ನು ಬರೆದದ್ದೂ ಬೇರೆ ಕಲಾವಿದ.

ಬಾಲ್ಕನಿಯಲ್ಲಿ ಮೊಟ್ಟೆ ಬಿಟ್ಟು ಎದ್ದುಹೋದ ಹಕ್ಕಿ ಮೇಲೆ ನನಗಿದ್ದ ಸಿಟ್ಟು ಇದನ್ನು ಓದಿದ ಮೇಲೆ ಸ್ವಲ್ಪ ಇಳೀತು. ಯಾಕೆ ಅಂತ ಕೇಳಬೇಡಿ.

*

ಮುಂದಿನ ಕತೆ ವ್ಯಾಪಾರದ್ದು. 19ನೇ ಶತಮಾನದ ಕೊನೆ ಹೊತ್ತಿಗೆ ಈ ಹಕ್ಕಿಗಳು ಜೀವಂತವಾಗಿ ಯೂರೋಪಿಗೆ ಹೋಗೋಕೆ ಶುರುವಾದವು. ಪುಟ್ಟ ಬಣ್ಣದ ಹಕ್ಕಿಗಳನ್ನು ಹಡಗಿಗೆ ತುಂಬೋದು ಆಗ ಹೊಸದೇನಲ್ಲ. ನಮ್ಮ ಕೆಂಪು ಮುನಿಯದ ವೈಜ್ಞಾನಿಕ ಹೆಸರು ‘ಅಮಂಡವ’. ಅದು ಅಹಮದಾಬಾದ್ ಅನ್ನೋದರ ಅಪಭ್ರಂಶ. ಅಲ್ಲಿಂದ ಹಕ್ಕಿ ರಫ್ತಾಗ್ತಿತ್ತು, ಊರಿನ ಹೆಸರೇ ಹಕ್ಕಿಗೆ ಅಂಟಿತು. ವಾಸನೆ ನೋಡಿ ಹಣ್ಣು ಯಾವ ತೋಟದ್ದು ಅಂತ ಹೇಳೋ ಹಾಗೆ, ಇಲ್ಲಿ ಹೆಸರು ನೋಡಿ ಯಾವ ಊರಿನಿಂದ ಹಿಡಿದು ತಂದದ್ದು ಅಂತ ಹೇಳಬಹುದು.

ಗೂಲ್ಡಿಯನ್ ಫಿಂಚನ್ನು ಹಿಡಿಯೋದು ಸುಲಭ, ಉಳಿಸೋದು ಕಷ್ಟ. ಹಿಡಿಯೋದು ಯಾಕೆ ಸುಲಭ ಅಂದರೆ, ಉತ್ತರ ಆಸ್ಟ್ರೇಲಿಯಾದಲ್ಲಿ ವರ್ಷದ ಅರ್ಧ ಮಳೆ, ಅರ್ಧ ಒಣ. ಒಣಗಾಲದ ಕೊನೆಗೆ ನೀರು ಉಳಿಯೋದು ಬೆರಳೆಣಿಕೆಯ ಹೊಂಡಗಳಲ್ಲಿ. ಬರೀ ಒಣಕಾಳು ತಿನ್ನೋ ಹಕ್ಕಿಗೆ ದಿನಾ ನೀರು ಬೇಕೇ ಬೇಕು. ಹೊಂಡದ ಹತ್ತಿರ ಬಲೆ ಹಾಕಿ ಕೂತರೆ ಬೆಳಗಾಗೋದರೊಳಗೆ ಹಿಂಡೇ ಬಂದು ಬೀಳುತ್ತೆ. ಉಳಿಸೋದು ಯಾಕೆ ಕಷ್ಟ ಅಂದರೆ, ಅದು ಬಿಸಿನಾಡಿನ ಜೀವ. ಯೂರೋಪಿನ ಚಳಿ, ತೇವ ಆಗಿಬರಲ್ಲ. ಶ್ವಾಸದ ಚೀಲದಲ್ಲಿ ಸೇರೋ ಒಂದು ನುಸಿಯ ಕಾಟ ಬೇರೆ. ಹೋದದ್ದರಲ್ಲಿ ಎಷ್ಟೋ ಸತ್ತವು. ಸತ್ತರೆ ಮತ್ತೆ ಹಿಡಿದು ಕಳಿಸೋರು. ಕಾಡು ತುಂಬಿರೋವರೆಗೆ ಮರಿ ಮಾಡಿಸೋ ಕಷ್ಟ ಯಾರಿಗೆ ಬೇಕು?

1960ರಲ್ಲಿ ಆಸ್ಟ್ರೇಲಿಯಾ ಸರ್ಕಾರ ತನ್ನ ಕಾಡುಜೀವಿಗಳನ್ನು ವ್ಯಾಪಾರಕ್ಕಾಗಿ ಹೊರದೇಶಕ್ಕೆ ಕಳಿಸೋದನ್ನು ನಿಲ್ಲಿಸಿತು. ಒಳಗಿನ ಮಾರುಕಟ್ಟೆಗೆ ಹಿಡಿಯೋದು ಮಾತ್ರ ಲೈಸೆನ್ಸ್ ಮೇಲೆ ನಡೀತಲೇ ಇತ್ತು. ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದಲ್ಲಿ ಗೂಲ್ಡಿಯನ್ ಹಿಡಿಯೋದು ನಿಂತಿದ್ದು 1981ರಲ್ಲಿ. ಕಿಂಬರ್ಲಿ ಪ್ರದೇಶದಲ್ಲಿ ಹಕ್ಕಿ ಹಿಡಿಯೋರು ವರ್ಷಾವರ್ಷ ಸರ್ಕಾರಕ್ಕೆ ಒಪ್ಪಿಸಬೇಕಿದ್ದ ಲೆಕ್ಕವೇ ಕೊನೆಗೆ ಸಾಕ್ಷಿಯಾಯ್ತು. ಗೂಲ್ಡಿಯನ್ ಸಂಖ್ಯೆ ಇಳೀತಾ ಹೋಗಿದ್ದು ಆ ಪುಟಗಳಲ್ಲೇ ಕಾಣ್ತಿತ್ತು.

ಹೊಸ ಹಕ್ಕಿ ಬರೋದು ನಿಂತಾಗ ಹೊರದೇಶದವರಿಗೆ ಉಳಿದದ್ದು ಒಂದೇ ದಾರಿ. ಕೈಯಲ್ಲಿರೋದನ್ನೇ ಮರಿ ಮಾಡಿಸಬೇಕು, ಬೇಗ ಬೇಗ ಮಾಡಿಸಬೇಕು. ಒಂದು ಜೋಡಿ ಮೊಟ್ಟೆ ಇಟ್ಟು, ಎರಡು ವಾರ ಕಾವು ಕೊಟ್ಟು, ಮೂರು ವಾರಕ್ಕೂ ಹೆಚ್ಚು ಮರಿ ಸಾಕಿ, ಮತ್ತೆ ಮೊಟ್ಟೆ ಇಡೋಕೆ ಬಹಳ ಸಮಯ ಹಿಡಿಯುತ್ತೆ. ಮೊಟ್ಟೆ ಎತ್ತಿಕೊಂಡರೆ ಅದು ಬೇಗನೆ ಇನ್ನೊಂದು ಸಲ ಇಡುತ್ತೆ. ಹಾಲು ಕರೆಯೋರಿಗೆ ಈ ಲೆಕ್ಕ ಹೇಳಿಕೊಡಬೇಕಿಲ್ಲ. ಹಾಗಾದರೆ ಎತ್ತಿದ ಮೊಟ್ಟೆಗೆ ಕಾವು ಕೊಡೋರು ಯಾರು?

*

ಬೆಂಗಾಲಿ ಫಿಂಚಿಗೂ ಬಂಗಾಳಕ್ಕೂ ಸಂಬಂಧ ಇಲ್ಲ. ಈ ಹೆಸರಿನ ಕಾಡುಹಕ್ಕಿ ಪ್ರಪಂಚದಲ್ಲಿ ಎಲ್ಲೂ ಇಲ್ಲ. 18ನೇ ಶತಮಾನದಲ್ಲಿ ಚೀನಾ ಕಡೆಯಿಂದ ಜಪಾನಿಗೆ ಒಂದು ಜಾತಿಯ ಪುಟ್ಟ ಕಂದು ಹಕ್ಕಿ ಬಂತು. ಪಂಜರದಲ್ಲಿ ಹೊಂದಿಕೊಂಡು, ಜಗಳ ಮಾಡದೆ, ಹಿಂಡಾಗಿ ಒಂದೇ ಗೂಡಲ್ಲಿ ಮಲಗೋ ಹಕ್ಕಿ. ಜಪಾನೀಯರು ಅದಕ್ಕಿಟ್ಟ ಹೆಸರನ್ನು ಬರೆಯೋ ಅಕ್ಷರಗಳ ಅರ್ಥ ‘ಹತ್ತು ಅಕ್ಕತಂಗಿಯರು’. ಚೆನ್ನಾಗಿ ಮರಿ ಸಾಕೋ ಜೋಡಿಗಳನ್ನೇ ಆರಿಸಿ ಆರಿಸಿ ತಲೆಮಾರುಗಳ ಕಾಲ ಬೆಳೆಸಿದರು. ಕಂದು ಬಣ್ಣದಲ್ಲಿ ಬಿಳಿ ಮಚ್ಚೆ ಬಂತು, ಪೂರ್ತಿ ಬಿಳಿ ಹಕ್ಕಿಯೂ ಬಂತು. ಕೊನೆಗೆ ಎಂಥಾ ಹಕ್ಕಿ ತಯಾರಾಯ್ತು ಅಂದರೆ, ಮುಂದೆ ಯಾವ ಮೊಟ್ಟೆ ಇಟ್ಟರೂ ಕೂರುತ್ತೆ, ಯಾವ ಬಾಯಿ ತೆರೆದರೂ ಗುಟುಕು ಹಾಕುತ್ತೆ. ಗಂಡುಗಳೂ ಅಷ್ಟೇ.

ಇದೇ ಹಕ್ಕಿ ಮೇಲೆ ಜಪಾನಿನ ವಿಜ್ಞಾನಿ ಕಝುವೊ ಒಕನೋಯ ಬಹಳ ವರ್ಷ ಕೆಲಸ ಮಾಡಿದ್ದಾರೆ. ಅವರು ಕಂಡದ್ದು ವಿಚಿತ್ರ. ಹಾಡಿಗಾಗಿ ಈ ಹಕ್ಕಿಯನ್ನು ಯಾರೂ ಆರಿಸಿ ಬೆಳೆಸಿಲ್ಲ. ಆದರೂ ಕಾಡಿನಲ್ಲಿರೋ ಇದರ ಮೂಲಹಕ್ಕಿಯ ಹಾಡು ಒಂದೇ ಕ್ರಮದಲ್ಲಿ ಸಾಗಿದರೆ, ಪಂಜರದ ಹಕ್ಕಿ ಸ್ವರಗಳನ್ನು ಹಿಂದೆಮುಂದೆ ಮಾಡಿ, ಹೊಸ ಹೊಸ ಥರ ಜೋಡಿಸಿ ಹಾಡುತ್ತೆ. ಪಂಜರದಲ್ಲಿ ಗಿಡುಗ ಇಲ್ಲ, ತನ್ನ ಜಾತಿಯವರನ್ನೇ ಗುರುತಿಸಬೇಕಾದ ಒತ್ತಡ ಇಲ್ಲ. ಆ ಕಟ್ಟು ಸಡಿಲಾದಾಗ ಹಾಡು ಬಿಚ್ಚಿಕೊಂಡಿರಬಹುದು ಅಂತ ಅವರ ವಿವರಣೆ.

ಈಗ ಆ ಮೂಲಹಕ್ಕಿ ಯಾವುದು ಅಂತ ಹೇಳಬೇಕು. ಬಾಲದ ಬುಡದಲ್ಲಿ ಬಿಳಿ ಪಟ್ಟೆ ಇರೋ ರಾಟವಾಳ. ನಮ್ಮ ಪಶ್ಚಿಮ ಘಟ್ಟದಿಂದ ಚೀನಾವರೆಗೆ ಹರಡಿರೋ ಜಾತಿ. ನಾನು ಅಟ್ಟದ ಮೇಲೆ ಕೂತು ಕವಣೆ ಬೀಸಿ ಓಡಿಸ್ತಿದ್ದೆನಲ್ಲ, ಆ ಕಳ್ಳಹಕ್ಕಿ!

ರಾತ್ರಿ ಹನ್ನೊಂದು ಗಂಟೆಗೆ ಇದನ್ನು ಓದಿ ಎದ್ದು ಬಾಲ್ಕನಿಗೆ ಹೋದೆ. ಅಂಗಡಿಯವರ ಮಾತು ಕೇಳಿ ಅಷ್ಟರಲ್ಲಿ ಒಂದು ಜೋಡಿ ಬೆಂಗಾಲಿ ತಂದಿದ್ದೆ. ಟಾರ್ಚು ಬಿಟ್ಟು ನೋಡಿದರೆ, ಎರಡೂ ಒತ್ತಿಕೊಂಡು ಮಲಗಿದ್ದವು. ಮೂರು ತಿಂಗಳು ಊರೆಲ್ಲ ಹುಡುಕಿ ತಂದ ಅಪರೂಪದ ಹಕ್ಕಿಯ ದಾದಿ, ನಮ್ಮೂರ ಹೊಲದ ಹಕ್ಕಿಯ ದೂರದ ನೆಂಟ. ಕಾಡಿನ ರಾಟವಾಳವನ್ನು ಹಿಡಿದು ಪಂಜರದಲ್ಲಿಡೋದು ನಮ್ಮಲ್ಲಿ ಅಪರಾಧ, ಇಡಲೂಬಾರದು. ಜಪಾನು ಸುತ್ತಿ ಬಂದ ಅದರ ವಂಶವನ್ನು ಮಾತ್ರ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಮನೆಗೆ ತರಬಹುದು.

ಎರಡನೇ ಸಲ ಗೂಲ್ಡಿಯನ್ ಮೊಟ್ಟೆ ಇಟ್ಟಾಗ ನಾನು ಯೋಚನೆ ಮಾಡಲಿಲ್ಲ. ಐದನ್ನೂ ಚಮಚದಲ್ಲಿ ಎತ್ತಿ ಬೆಂಗಾಲಿ ಗೂಡಿಗಿಟ್ಟೆ. ಅವು ಸುಮ್ಮನೆ ಮೇಲೆ ಕೂತವು. ನಾಲ್ಕು ಮರಿ ಆದವು. ಗೂಲ್ಡಿಯನ್ ಮರಿಗಳ ಬಾಯಂಚಿನಲ್ಲಿ ನೀಲಿ ಮಣಿಯಂಥ ಗುಬುಟುಗಳಿರುತ್ತವೆ. ಕತ್ತಲ ಪೊಟರೆಯೊಳಗೆ ಅವು ಬೆಳಕನ್ನು ಪ್ರತಿಫಲಿಸಿ, ತಾಯಿಗೆ ಬಾಯಿ ಎಲ್ಲಿದೆ ಅಂತ ತೋರಿಸ್ತವೆ. ಯಾವ ತಾಯಿಗಾಗಿ ಹೊಳೀತಿದ್ದವೋ, ಗುಟುಕು ಹಾಕಿದ್ದು ಬೆಂಗಾಲಿ. ನಾಲ್ಕೂ ಬದುಕಿದವು. ಆಫೀಸಿನಲ್ಲಿ ಸ್ವೀಟ್ ಹಂಚೋದೊಂದು ಬಾಕಿ!

*

ಖುಷಿ ಆರು ತಿಂಗಳಿತ್ತು. ಬೂದು ಹಸಿರಿನ ಮರಿಗಳು ಗರಿ ಬದಲಿಸಿ ಬಣ್ಣ ತುಂಬಿಕೊಂಡವು. ಒಂದು ದಿನ ಹೆಂಡತಿ ಕರೆದು ತೋರಿಸಿದಳು. ಮರಿಗಳಲ್ಲೊಂದು ಗಂಡು, ನೇರಳೆ ಎದೆ ಉಬ್ಬಿಸಿ, ಕೊಂಬೆ ಮೇಲೆ ಕುಪ್ಪಳಿಸ್ತಾ ಹಾಡ್ತಿತ್ತು. ಈ ಹಕ್ಕಿಯ ಹಾಡು ಎಷ್ಟು ಸಣ್ಣದು ಅಂದರೆ ಕಿವಿ ಹತ್ತಿರ ತಂದರೂ ಪಿಸುಮಾತಿನ ಹಾಗೆ. ಎದುರಿಗೆ ಕೂತು ಕೇಳಿಸಿಕೊಳ್ತಿದ್ದದ್ದು ಬೆಂಗಾಲಿ ಹೆಣ್ಣು. ಪಕ್ಕದಲ್ಲೇ ತನ್ನ ಜಾತಿಯ ಹೆಣ್ಣು ಇದ್ದರೂ ಆ ಕಡೆ ತಿರುಗಿಯೂ ನೋಡಲಿಲ್ಲ.

ಇದನ್ನು ಅರ್ಧ ಶತಮಾನದ ಹಿಂದೆಯೇ ಜರ್ಮನಿಯ ಕ್ಲಾಸ್ ಇಮ್ಮೆಲ್ಮನ್ ತೋರಿಸಿಕೊಟ್ಟಿದ್ದರು. ಝೀಬ್ರಾ ಫಿಂಚ್ ಮೊಟ್ಟೆಗಳನ್ನು ಬೆಂಗಾಲಿಗಳ ಕೆಳಗಿಟ್ಟು ಮರಿ ಮಾಡಿಸಿದರು. ಆ ಗಂಡುಗಳು ದೊಡ್ಡವಾದ ಮೇಲೆ ಎರಡೂ ಜಾತಿಯ ಹೆಣ್ಣುಗಳನ್ನು ಎದುರಿಗಿಟ್ಟರೆ ಒಲಿದದ್ದು ಬೆಂಗಾಲಿಗೇ. ಸಾಕಿದ ಅಪ್ಪನ ಹಾಡನ್ನೇ ಕಲಿತಿದ್ದವು. ತನ್ನ ಜಾತಿಯವರ ಜೊತೆ ತಿಂಗಳುಗಟ್ಟಲೆ ಇಟ್ಟರೂ, ಅವಕಾಶ ಸಿಕ್ಕರೆ ಮನಸ್ಸು ಹಳೇ ಕಡೆಗೇ. ಮೊದಲ ಕೆಲವು ವಾರದಲ್ಲಿ ಯಾರ ಮುಖ ನೋಡ್ತೀವೋ ಅದೇ ನಮ್ಮವರ ಮುಖ ಅಂತ ತಲೆಯಲ್ಲಿ ಅಚ್ಚಾಗಿಬಿಡುತ್ತೆ.

ಈಗ ನನ್ನ ಬಾಲ್ಕನಿಯ ಹೆಣ್ಣನ್ನು ಮತ್ತೆ ನೋಡಿ. ಅದೂ, ಅದರ ಅವ್ವನೂ, ಅವ್ವನ ಅವ್ವನೂ ಹೀಗೇ ಬೇರೆಯವರ ಕಾವಿನಲ್ಲಿ ಬಂದಿರಬಹುದು. ಕೂರಲಾರದ ತಾಯಿಯ ಮೊಟ್ಟೆಯೂ ದಾದಿಯ ಕೆಳಗೆ ಮರಿಯಾಗುತ್ತೆ ಅಂದಮೇಲೆ, ಕೂರಬಲ್ಲ ತಾಯಿಯನ್ನು ಆರಿಸೋಕೆ ಯಾರಿಗೂ ಅವಸರ ಇಲ್ಲ. ಕಾಡಿನಲ್ಲಿ ಮೊಟ್ಟೆ ಬಿಟ್ಟೆದ್ದ ತಾಯಿಯ ವಂಶ ಅಲ್ಲಿಗೇ ಮುಗಿಯುತ್ತೆ, ಪಂಜರದಲ್ಲಿ ಅದೇ ವಂಶ ಮುಂದುವರಿಯುತ್ತೆ. ಇದನ್ನು ಅರ್ಥ ಮಾಡಿಕೊಂಡ ಎಷ್ಟೋ ಸಾಕಣೆದಾರರು ಈಗ ದಾದಿ ಇಲ್ಲದೆ, ತಾವೇ ಮರಿ ಸಾಕೋ ಜೋಡಿಗಳನ್ನು ಹುಡುಕಿ ಬೆಳೆಸ್ತಾರೆ. ನನಗೆ ಅದು ತಡವಾಗಿ ಗೊತ್ತಾಯ್ತು.

ಇನ್ನು ಆ ಕಲರ್ ಕಾಂಬಿನೇಷನ್ ವಿಷಯ. ಕಾಡಿನ ಗೂಲ್ಡಿಯನ್‌ಗಳಲ್ಲಿ ಕಪ್ಪು ತಲೆಯವೇ ಹೆಚ್ಚು, ಕೆಂಪು ಕಡಿಮೆ, ಹಳದಿ ತಲೆ ತೀರಾ ಅಪರೂಪ. ಸಾರಾ ಪ್ರೈಕ್ ಮತ್ತು ಸೈಮನ್ ಗ್ರಿಫಿತ್ ಅನ್ನೋ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ್ದು ಇದು: ಹೆಣ್ಣುಗಳು ಸಾಧ್ಯ ಆದಷ್ಟೂ ತನ್ನ ತಲೆ ಬಣ್ಣದ ಗಂಡನ್ನೇ ಆರಿಸ್ತವೆ. ಬೇರೆ ಬಣ್ಣದ ಜೊತೆ ಹುಟ್ಟಿದ ಮರಿಗಳು ಹೆಚ್ಚು ಸಾಯ್ತವೆ, ಅದರಲ್ಲೂ ಹೆಣ್ಣುಮರಿಗಳು. ಅದಕ್ಕೇ ಇರಬೇಕು, ಬೇರೆ ಬಣ್ಣದ ಗಂಡು ಸಿಕ್ಕಾಗ ತಾಯಿ ಬಹುಪಾಲು ಗಂಡುಮರಿಗಳನ್ನೇ ಹುಟ್ಟಿಸುತ್ತೆ. ಕೆಂಪು ತಲೆಗೆ ಕಪ್ಪು ಬಣ್ಣ ಬಳಿದು ಮೋಸ ಮಾಡಿದರೂ ತಾಯಿ ಆ ಬಣ್ಣ ನೋಡಿಯೇ ಲೆಕ್ಕ ಹಾಕ್ತಿತ್ತಂತೆ. ನನ್ನ ನಾಲ್ಕು ಮರಿಗಳಲ್ಲಿ ಮೂರು ಗಂಡು. ನಾಲ್ಕರ ಲೆಕ್ಕ ಲೆಕ್ಕವಲ್ಲ, ಗೊತ್ತು. ಆದರೂ ಅಂಗಡಿಯಲ್ಲಿ ನಾನು ಬಣ್ಣ ನೋಡಿ ತಲೆಯಾಡಿಸಿದ್ದು ನೆನಪಾಯ್ತು.

*

ಹಾಗಾದರೆ ಇದು ಅಪರೂಪದ ಹಕ್ಕಿಯೋ ಅಲ್ಲವೋ? ಪ್ರಪಂಚದ ಪಂಜರಗಳಲ್ಲಿ ಬೇಕಾದಷ್ಟಿದೆ. ಬಿಳಿ ಎದೆಯದು, ನೀಲಿ ಬೆನ್ನಿನದು ಅಂತ ಕಾಡಿನಲ್ಲಿ ಕಾಣದ ಬಣ್ಣಗಳೂ ಬಂದಿವೆ. ಆಸ್ಟ್ರೇಲಿಯಾದ ಕಾನೂನಿನ ಪಟ್ಟಿಯಲ್ಲಿ ಮಾತ್ರ ಅದು ಅಳಿವಿನಂಚಿನ ಹಕ್ಕಿ. ಹಿಡಿಯೋದು ನಿಂತ ಮೇಲೂ ಕಾಡಿನ ಸಂಖ್ಯೆ ತಾನಾಗಿ ಮೇಲೆ ಬರಲಿಲ್ಲ. ಯಾಕೆ ಅನ್ನೋದಕ್ಕೆ ಉತ್ತರ ಬಲೆಯಲ್ಲಿ ಇರಲಿಲ್ಲ, ಹುಲ್ಲಿನಲ್ಲಿತ್ತು.

ಒಣಗಾಲದಲ್ಲಿ ಗೂಲ್ಡಿಯನ್ ಬದುಕೋದು ಕಾಡುಜೋಳದ ಮೇಲೆ. ಹೌದು, ಜೋಳವೇ. ನಮ್ಮ ರೊಟ್ಟಿ ಜೋಳದ ಕುಲಕ್ಕೇ ಸೇರಿದ ಹುಲ್ಲು. ಉದುರಿದ ಕಾಳನ್ನು ನೆಲದ ಮೇಲೆ ಹೆಕ್ಕಿ ತಿನ್ನುತ್ತೆ. ಮೊದಲ ಮಳೆ ಬಿದ್ದ ಕೂಡಲೇ ಉಳಿದ ಕಾಳೆಲ್ಲ ಮೊಳಕೆ ಒಡೆಯುತ್ತೆ. ಎಲ್ಲೆಲ್ಲೂ ಹಸಿರು, ತಿನ್ನೋಕೆ ಒಂದು ಕಾಳಿಲ್ಲ. ಆ ಹಸಿದ ವಾರಗಳಲ್ಲಿ ಬೇಗ ತೆನೆ ಬಿಡೋ ಬೇರೆ ಬಹುವಾರ್ಷಿಕ ಹುಲ್ಲುಗಳೇ ಗತಿ. ದನ ಮೇಯ್ದು ಆ ಹುಲ್ಲು ಕಡಿಮೆಯಾದರೆ, ಒಣಗಾಲದ ಕೊನೆಯಲ್ಲಿ ದೊಡ್ಡ ಬೆಂಕಿ ಬಿದ್ದು ಬೇರುವರೆಗೆ ಸುಟ್ಟರೆ, ಹಕ್ಕಿ ಉಪವಾಸ. ಗೂಡು ಮಾಡೋದೂ ಬೇರೆಲ್ಲ ಫಿಂಚುಗಳ ಹಾಗೆ ಹುಲ್ಲಿನ ಉಂಡೆ ಕಟ್ಟಿ ಅಲ್ಲ, ಹಳೇ ನೀಲಗಿರಿ ಜಾತಿಯ ಮರಗಳ ಪೊಟರೆಯಲ್ಲಿ. ಬೆಂಕಿಗೆ ಆ ಮರಗಳೂ ಹೋಗ್ತವೆ.

ಅಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷ ಒಣಗಾಲದ ಆರಂಭದಲ್ಲೇ, ಹುಲ್ಲಿನಲ್ಲಿ ಇನ್ನೂ ಹಸಿ ಇರೋವಾಗ, ತುಂಡುತುಂಡಾಗಿ ಸಣ್ಣ ಬೆಂಕಿ ಹಾಕ್ತಿದ್ದರು. ಒಂದು ಮಗ್ಗುಲು ಸುಟ್ಟರೆ ಇನ್ನೊಂದು ಮಗ್ಗುಲು ಉಳೀತಿತ್ತು. ಅವರನ್ನು ಆ ನೆಲದಿಂದ ಎಬ್ಬಿಸಿದ ಮೇಲೆ ಸಣ್ಣ ಬೆಂಕಿ ನಿಂತು ದೊಡ್ಡ ಬೆಂಕಿ ಶುರುವಾಯ್ತು. ಈಗ ಅದೇ ಹಳೇ ವಿದ್ಯೆಯನ್ನು ಮತ್ತೆ ಅವರಿಂದಲೇ ಕಲೀತಿದ್ದಾರೆ. ವಿಂಡಮ್ ಅನ್ನೋ ಊರಿನ ಹತ್ತಿರ ಮರಗಳಿಗೆ ಗೂಡುಪೆಟ್ಟಿಗೆ ಕಟ್ಟಿದ್ದಾರೆ, ಹಕ್ಕಿಗಳು ಒಪ್ಪಿಕೊಂಡು ಮೊಟ್ಟೆ ಇಟ್ಟಿವೆ. ಪಂಜರದಲ್ಲಿ ಬೆಳೆದವನ್ನು ಕ್ವೀನ್ಸ್‌ಲ್ಯಾಂಡಿನಲ್ಲಿ ಹೊರಗೆ ಬಿಡೋ ಪ್ರಯತ್ನವೂ ನಡೆದಿದೆ. ಆದರೆ ಬಟ್ಟಲಲ್ಲಿ ಕಾಳು ಕಂಡ ಹಕ್ಕಿಗೆ ಮೊದಲ ಮಳೆಯ ಹಸಿವಿನಲ್ಲಿ ಯಾವ ಗುಡ್ಡದ ಹಿಂದೆ ಯಾವ ಹುಲ್ಲು ತೆನೆ ಬಿಟ್ಟಿದೆ ಅಂತ ಹೇಳಿಕೊಡೋರು ಯಾರು? ಬೆಂಗಾಲಿಗೆ ಅದು ಗೊತ್ತಿಲ್ಲ.

ಮೂರನೇ ಸಲ ಮೊಟ್ಟೆ ಇಟ್ಟಾಗ ನಾನು ಎತ್ತಲಿಲ್ಲ. ಪಂಜರವನ್ನು ಓಡಾಟ ಇಲ್ಲದ ಕೋಣೆಗೆ ಹಾಕಿ, ಪೊಟರೆಯ ಹಾಗೆ ಆಳವಾದ ಪೆಟ್ಟಿಗೆ ಮಾಡಿಸಿ, ಇಣುಕಿ ನೋಡೋದನ್ನೂ ನಿಲ್ಲಿಸಿದೆ. ಮಗಳಿಗೆ ದಿನಾ ಜಗಳ, “ಬೆಂಗಾಲಿ ಹತ್ರ ಇಡು ಪಪ್ಪಾ, ಎಲ್ಲಾ ಬದುಕ್ತವೆ.” ಅವಳ ಲೆಕ್ಕ ತಪ್ಪಿರಲಿಲ್ಲ. ಐದರಲ್ಲಿ ಎರಡು ಒಡೆಯಲೇ ಇಲ್ಲ. ಎರಡು ಮರಿಗಳನ್ನು ತಾಯಿಯೇ ಗೂಡಿನಿಂದ ಹೊರಗೆ ಹಾಕಿತು. ಆ ಎರಡನ್ನು ಕುಂಡದಲ್ಲಿ ಹೂಳೋವಾಗ ಮಗಳು ನನ್ನ ಜೊತೆ ಮಾತಾಡಲಿಲ್ಲ. ಒಂದು ಉಳೀತು. ಅಪ್ಪ ಅಮ್ಮ ಸಾಕಿದ ಒಂದೇ ಒಂದು ಮರಿ. ನಾನು ಮಾಡಿದ್ದು ಸರಿಯೋ ತಪ್ಪೋ, ಇವತ್ತಿಗೂ ಆ ಕುಂಡಕ್ಕೆ ನೀರು ಹಾಕೋವಾಗ ಅನುಮಾನ ಬರುತ್ತೆ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಮಗಳಿಗೆ ಬೆಂಗಾಲಿಯ ನೆಂಟರನ್ನು ತೋರಿಸ್ತೀನಿ ಅಂತ ಹೊಲಕ್ಕೆ ಕರಕೊಂಡು ಹೋದೆ. ಅಜ್ಜ ಈಗಿಲ್ಲ. ಅಟ್ಟವೂ ಇಲ್ಲ. ಹೊಲದಲ್ಲಿ ಜೋಳವೂ ಇಲ್ಲ, ಕಣ್ಣು ಹಾಯಿಸಿದಷ್ಟೂ ಗೋವಿನಜೋಳ. ಆ ದಪ್ಪ ಕಾಳು ಈ ಪುಟ್ಟ ಕೊಕ್ಕಿಗೆ ಆಗಲ್ಲ. “ಈಗ ಹಕ್ಕಿ ಕಾಯೋ ಕೆಲಸಾನ ಇಲ್ಲ ತಮ್ಮಾ, ಆರಾಮ ಆಗೇತಿ” ಅಂದರು ಕಾಕಾ. ಒಂದು ಗಂಟೆ ಸುತ್ತಿದೆವು. ಕೊನೆಗೆ ಕೆರೆ ಏರಿಯ ಕೆಳಗೆ, ಯಾರೂ ಉಳದೆ ಬಿಟ್ಟ ಗದ್ದೆಯ ಹುಲ್ಲಿನಲ್ಲಿ ಆರೇಳು ಕಂಡವು. ಬಾಲದ ಬುಡದಲ್ಲಿ ಬಿಳಿ ಪಟ್ಟೆ. ಮಗಳು ನೋಡಿದ್ದೇ “ಅಯ್ಯೋ, ನಮ್ಮನೆ ಹಕ್ಕಿ!” ಅಂತ ಚಪ್ಪಾಳೆ ತಟ್ಟಿದಳು. ಹಕ್ಕಿಗಳು ಪುರ್ರ್ ಅಂತ ಹಾರಿ ಹೋದವು.

ಚಪ್ಪಾಳೆ ಹೊಡೀಬೇಡ ಅಂತ ಹೇಳಿದೆ. ಇಬ್ಬರೂ ಏರಿ ಮೇಲೆ ಸದ್ದಿಲ್ಲದೆ ಕೂತೆವು, ವಾಪಸ್ ಬರ್ತವೇನೋ ಅಂತ.